ಎರಡು ವರ್ಷದಿಂದ ಎಲ್ಲಾ ಥರದ ಫೋಟೋ ತೆಗೆದೆ, ಈಗ ಒಂದಕ್ಕೇ ಅಂಟಿಕೊಳ್ಳಬೇಕಾ?

ಅಡಿಕೆ ಅಂಗಳ, ಸಾಗರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನಗೆ 43 ವರ್ಷ. ಸಾಗರದ ಹತ್ತಿರ ಒಂದು ಹಳ್ಳಿ. ಒಂದೂವರೆ ಎಕರೆ ಅಡಿಕೆ ತೋಟ, ಜೊತೆಗೆ ಪೇಟೆಯಲ್ಲಿ ಲೆಕ್ಕ ಬರೆಯೋ ಕೆಲಸ. ಎರಡು ವರ್ಷದ ಹಿಂದೆ ಅಕ್ಕನ ಮಗ ಬೆಂಗಳೂರಲ್ಲಿ ಹೊಸ ಕ್ಯಾಮೆರಾ ತಗೊಂಡ. ಹಳೇ ಕ್ಯಾನನ್ 1500ಡಿ, 18-55 ಮತ್ತು 55-250 ಎಂಎಂ ಲೆನ್ಸು (ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತೆ) ಸಮೇತ ನನ್ನ ಕೈಗೆ ಬಂತು. "ಮಾವ, ಸುಮ್ನೆ ಬಿದ್ದಿರುತ್ತೆ, ನೀವಾದ್ರೂ ಬಳಸಿ" ಅಂದ. ಅಲ್ಲಿಂದ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಮೊದಲು ಹಕ್ಕಿ. ಎಲ್ಲರೂ ಹಕ್ಕಿಯಿಂದಲೇ ಶುರು ಮಾಡ್ತಾರೆ ಅಂತ ಕಾಣುತ್ತೆ. ಸೊರಬ ತಾಲೂಕಿನ ಗುಡವಿ ಪಕ್ಷಿಧಾಮ ನಮಗೆ ಅಷ್ಟೇನೂ ದೂರ ಅಲ್ಲ. ಮಳೆಗಾಲದಲ್ಲಿ ಅಲ್ಲಿ ಬಿಳಿ ಐಬಿಸ್ ಹಕ್ಕಿಗಳು ಗೂಡು ಕಟ್ಟುತ್ತವೆ, ಪುಸ್ತಕದಲ್ಲಿ ಕೆಂಬರಲು ಅಂತ ಬರೀತಾರಲ್ಲ, ಅದೇ. ಐದು ಭಾನುವಾರ ಹೋದೆ. 250 ಎಂಎಂ ಪೂರ್ತಿ ಎಳೆದರೂ ಹಕ್ಕಿ ಅಕ್ಕಿ ಕಾಳಿನಷ್ಟೇ. ಪಕ್ಕದಲ್ಲಿ ಒಬ್ಬರು ಫಿರಂಗಿಯಂಥ ಲೆನ್ಸು ಇಟ್ಟುಕೊಂಡು ಕೂತಿದ್ದರು. ನನ್ನ ಸ್ಕ್ರೀನು ನೋಡಿ ನಕ್ಕು, "ಹಕ್ಕಿ ಯಾವ ಕಡೆ ಇದೆ?" ಅಂತ ಕೇಳಿದರು.

ಆಮೇಲೆ ಮ್ಯಾಕ್ರೋ, ಅಂದ್ರೆ ಸಣ್ಣದನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯೋದು. 18-55 ಲೆನ್ಸನ್ನು ಉಲ್ಟಾ ಹಾಕೋಕೆ ಒಂದು ರಿವರ್ಸ್ ರಿಂಗ್ ಬರುತ್ತೆ. ಕೆಲವು ನೂರು ರೂಪಾಯಿ ಅಷ್ಟೇ. ಲೆನ್ಸಿನ ಮುಂಭಾಗವನ್ನು ಕ್ಯಾಮೆರಾಕ್ಕೆ ಸಿಕ್ಕಿಸೋದು. ಇರುವೆ ಆನೆಯ ಹಾಗೆ ಕಾಣುತ್ತೆ. ಆದರೆ ಮೂರು ಬೆರಳಿನಷ್ಟು ಹತ್ತಿರ ಹೋಗಬೇಕು, ಫೋಕಸ್ ಆಗೋ ಜಾಗ ಕೂದಲೆಳೆಯಷ್ಟು. ಮಾವಿನ ಮರದಲ್ಲಿ ಚಗಳಿ ಗೂಡು ಇತ್ತು. ಉಸಿರು ಬಿಗಿಹಿಡಿದು ಒಂದು ಇರುವೆಯ ಕಣ್ಣಿಗೆ ಫೋಕಸ್ ಮಾಡ್ತಾ ಇದ್ದೆ. ಉಳಿದವು ಬಳಗ ಕಟ್ಟಿಕೊಂಡು ನನ್ನ ಅಂಗಿಯೊಳಗೆ ಬಂದಿದ್ದು ಗೊತ್ತೇ ಆಗಲಿಲ್ಲ. ಅಂಗಿ ಬಿಚ್ಚಿ ಕುಣಿದದ್ದನ್ನು ಮಗಳು ಮೊಬೈಲಿನಲ್ಲಿ ವೀಡಿಯೋ ಮಾಡಿದ್ದಾಳೆ. ಮನೆಗೆ ಬಂದ ನೆಂಟರಿಗೆಲ್ಲ ಅದೇ ಪ್ರದರ್ಶನ. ನನ್ನ ಫೋಟೋ ಕೇಳೋರಿಲ್ಲ.

ನಕ್ಷತ್ರವನ್ನೂ ಬಿಡಲಿಲ್ಲ. ಮಾರ್ಚಿನ ಅಮಾವಾಸ್ಯೆ ರಾತ್ರಿ ಮೂರೂವರೆಗೆ ಎದ್ದು ಗದ್ದೆ ಬಯಲಿಗೆ ಹೋದೆ. ಆಗ್ನೇಯದಲ್ಲಿ ಆಕಾಶಗಂಗೆ ಬರಿಗಣ್ಣಿಗೇ ಕಾಣ್ತಾ ಇತ್ತು, ಹಾಲು ಚೆಲ್ಲಿದ ಹಾಗೆ. ಫೋಟೋದಲ್ಲಿ ಮಾತ್ರ ಎಲ್ಲ ನಕ್ಷತ್ರವೂ ಊದಿದ ಅವಲಕ್ಕಿ.

ಇಕ್ಕೇರಿ ದೇವಸ್ಥಾನಕ್ಕೆ ನಾಲ್ಕು ಸಲ ಹೋಗಿದ್ದೇನೆ. ಕಂಬಗಳೆಲ್ಲ ಹಿಂದಕ್ಕೆ ವಾಲಿದ ಹಾಗೆ ಬರ್ತಾವೆ. ಜೋಗದಲ್ಲಿ ನೀರನ್ನು ರೇಷ್ಮೆ ಥರ ಮಾಡೋಣ ಅಂತ ಹೋದೆ. ಲೆನ್ಸು ಒರೆಸೋದೇ ಆಯ್ತು. ಸಂತೆಯಲ್ಲಿ ಜನರ ಫೋಟೋ ತೆಗೆಯೋಕೆ ಧೈರ್ಯ ಸಾಲಲ್ಲ, ಅರ್ಧ ಜನ ಗುರುತಿನವರೇ. "ಏನು ಮಾರಾಯ, ಪೇಪರಿಗೆ ಹಾಕ್ತೀಯಾ?" ಅಂತಾರೆ. ಅಮ್ಮನ ಫೋಟೋ ತೆಗೆಯೋಣ ಅಂದ್ರೆ, ಕ್ಯಾಮೆರಾ ಕಂಡ ಕೂಡಲೇ ಸೆರಗು ಸರಿ ಮಾಡಿಕೊಂಡು ಆಧಾರ್ ಕಾರ್ಡಿನ ಮುಖ ಮಾಡ್ತಾಳೆ.

ಇದರ ನಡುವೆ ಕಳೆದ ಮಳೆಗಾಲ 55-250ಕ್ಕೆ ಬೂಷ್ಟು ಹಿಡಿಯಿತು. ಬ್ಯಾಗಿನಲ್ಲೇ ಇಟ್ಟಿದ್ದೆ, ನನ್ನದೇ ತಪ್ಪು. ಪೇಟೆಯ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಬೂಷ್ಟು ಹೋಯ್ತು, ಬದಲಿಗೆ ಒಳಗೆ ಬೆರಳಚ್ಚು ಬಂದಿದೆ. ಈಗ ಎರಡೂ ಲೆನ್ಸು ಹಪ್ಪಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇರುತ್ತವೆ. ಹಪ್ಪಳ ಎಲ್ಲಿಡಬೇಕು ಅಂತ ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ.

ಈಗ ಪ್ರಶ್ನೆ. ನಮ್ಮ ತಾಲೂಕಿನ ಫೋಟೋ ಹವ್ಯಾಸಿಗಳ ವಾಟ್ಸಾಪ್ ಗುಂಪಿನಲ್ಲಿ ಹಿರಿಯರೊಬ್ಬರು ನೇರವಾಗಿ ಹೇಳಿದರು: "ನೀನು ಒಂದು ಶೈಲಿ ಹಿಡಿ. ಹತ್ತು ಬಾವಿ ಹತ್ತಡಿ ತೋಡಿದರೆ ನೀರು ಸಿಗಲ್ಲ." ಮಾತು ನಾಟಿತು. ಎರಡು ವರ್ಷ, ಹದಿನಾಲ್ಕು ಸಾವಿರ ಫೋಟೋ. ಯಾವುದರಲ್ಲೂ ಪಳಗಿಲ್ಲ. 25 ಸಾವಿರ ಕೂಡಿಟ್ಟಿದ್ದೇನೆ. ಒಂದನ್ನು ಆರಿಸಿಕೊಂಡು ಅದಕ್ಕೆ ಬೇಕಾದ ಲೆನ್ಸು ತಗೊಳ್ಳಲಾ? ತಗೊಂಡರೆ ಯಾವುದು? ಅಥವಾ ನನ್ನಂಥವನು ಹೀಗೇ ಎಲ್ಲದರಲ್ಲೂ ಕೈಯಾಡಿಸಿಕೊಂಡು ಇದ್ದರೆ ಏನಾದರೂ ನಷ್ಟ ಇದೆಯಾ?

ಎಫ್ ಎಂಟು, ಬೆಂಗಳೂರು

ದುಡ್ಡಿನ ವಿಷಯ ಮೊದಲು ಹೇಳಿಬಿಡ್ತೀನಿ. ಹಕ್ಕಿ ಅಂತಾದರೆ 25 ಸಾವಿರಕ್ಕೆ ಹೊಸದರಲ್ಲಿ ನಿಮಗೆ ಬೇಕಾದ್ದು ಬರಲ್ಲ. 150-600 ಥರದ ಲೆನ್ಸುಗಳನ್ನು ಸೆಕೆಂಡ್ ಹ್ಯಾಂಡಲ್ಲೇ ಹುಡುಕಬೇಕು, ಅದಕ್ಕೂ ಇನ್ನೂ ಸ್ವಲ್ಪ ಸೇರಿಸಬೇಕಾಗುತ್ತೆ. ಎರಡು ಕೆಜಿ ತೂಕ, ಕೈಯಲ್ಲಿ ಹಿಡಿದು ಅರ್ಧ ಗಂಟೆ ನಿಂತರೆ ಗೊತ್ತಾಗುತ್ತೆ. ನಿಮ್ಮ ಸೆನ್ಸರ್ ಚಿಕ್ಕದು, 1.6 ಪಟ್ಟು ಲೆಕ್ಕ. ಅಂದ್ರೆ ನಿಮ್ಮ 250 ಈಗಾಗಲೇ 400ರಷ್ಟು ನೋಟ ಕೊಡ್ತಾ ಇದೆ. ಅದು ಕಡಿಮೆ ಏನಲ್ಲ. ಗುಡವಿಯಲ್ಲಿ ಗೂಡು ದೂರ ಇರೋದು ನಿಮ್ಮ ತಪ್ಪಲ್ಲ. ಹತ್ತಿರ ಬರೋ ಹಕ್ಕಿ ನೋಡಿ. ತೋಟದ ನೀರಿನ ತೊಟ್ಟಿಗೆ ಪಿಕಳಾರ ಬರಲ್ವಾ?

ನಕ್ಷತ್ರ ಊದಿದ್ದಕ್ಕೆ ಕಾರಣ ಫೋಕಸ್. ಕತ್ತಲಲ್ಲಿ ಆಟೋ ಫೋಕಸ್ ಕೆಲಸ ಮಾಡಲ್ಲ. ಲೆನ್ಸಿನ ಪಕ್ಕದ ಗುಂಡಿಯನ್ನು ಎಂಎಫ್‌ಗೆ, ಅಂದ್ರೆ ಕೈಯಿಂದ ಫೋಕಸ್ ಮಾಡೋದಕ್ಕೆ ಹಾಕಿ. ಲೈವ್ ವ್ಯೂ ಹಾಕಿ (ನೋಟ ಹಿಂದಿನ ಸ್ಕ್ರೀನಿನಲ್ಲೇ ಕಾಣುತ್ತೆ), ಆಕಾಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಹೊಳೆಯೋ ಒಂದನ್ನು ಸ್ಕ್ರೀನಿನ ನಡುವೆ ತಂದು ಹತ್ತು ಪಟ್ಟು ದೊಡ್ಡದು ಮಾಡಿ. ಫೋಕಸ್ ರಿಂಗನ್ನು ನಿಧಾನಕ್ಕೆ ತಿರುಗಿಸಿ. ಚುಕ್ಕಿ ಎಷ್ಟು ಚಿಕ್ಕದಾಗುತ್ತೋ ಅಷ್ಟಕ್ಕೆ ನಿಲ್ಲಿಸಿ. ಆಮೇಲೆ ಜೂಮ್ ಮುಟ್ಟಬೇಡಿ, ಮುಟ್ಟಿದರೆ ಮತ್ತೆ ಮೊದಲಿಂದ. ಶಟರ್ ಎಷ್ಟು ಹೊತ್ತು ತೆರೆದಿಡಬೇಕು ಅನ್ನೋದಕ್ಕೆ ಒಂದು ಹಳೇ ಲೆಕ್ಕ ಇದೆ. 500ನ್ನು ಲೆನ್ಸಿನ ಎಂಎಂನಿಂದ ಭಾಗಿಸಬೇಕು. ನಿಮ್ಮ 18 ಅಂದ್ರೆ ಅದೇ 1.6 ಪಟ್ಟಿನಲ್ಲಿ ಸುಮಾರು 29ರ ಲೆಕ್ಕ, 17 ಸೆಕೆಂಡು ಬರುತ್ತೆ. ಅದಕ್ಕಿಂತ ಜಾಸ್ತಿ ತೆರೆದಿಟ್ಟರೆ ಭೂಮಿ ತಿರುಗೋದು ಫೋಟೋದಲ್ಲಿ ಕಾಣುತ್ತೆ, ಚುಕ್ಕಿ ಗೆರೆ ಆಗುತ್ತೆ. ನಾನಾದರೆ 15ಕ್ಕೆ ನಿಲ್ಲಿಸ್ತೀನಿ. ಎಫ್ 3.5 (ಲೆನ್ಸಿನ ಕಿಂಡಿ ಪೂರ್ತಿ ತೆರೆದು), ಐಎಸ್ಒ (ಬೆಳಕು ಹಿಡಿಯೋ ಚುರುಕು) 3200. ಟ್ರೈಪಾಡ್ ಮೇಲೆ ಇಟ್ಟಾಗ ಅಲುಗಾಟ ತಡೆಯೋ ಸ್ಟೆಬಿಲೈಸರ್ ಆಫ್ ಮಾಡಿ, ಎರಡು ಸೆಕೆಂಡಿನ ಟೈಮರ್ ಹಾಕಿ. ನಿಮ್ಮ ಕಡೆ ಜೂನಿಂದ ಆಕಾಶವೇ ಕಾಣಲ್ಲ, ಹಾಗಾಗಿ ಫೆಬ್ರವರಿಯಿಂದ ಮೇ ಒಳಗೆ ಮುಗಿಸಿಕೊಳ್ಳಿ.

ಇಕ್ಕೇರಿ ಕಂಬ ವಾಲೋದು ನೀವು ಕ್ಯಾಮೆರಾವನ್ನು ಮೇಲಕ್ಕೆ ಎತ್ತೋದರಿಂದ. ಹಿಂದೆ ಹೋಗಿ, ಕ್ಯಾಮೆರಾ ನೆಟ್ಟಗೆ ಹಿಡಿದು ತೆಗೆಯಿರಿ. ಕೆಳಗೆ ಜಾಸ್ತಿ ನೆಲ ಬಂದರೆ ಬರಲಿ, ಮನೆಯಲ್ಲಿ ಕತ್ತರಿಸಿ. ಟ್ರೈಪಾಡ್ ಒಯ್ದಿದ್ದರೆ ಅದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಸುಮ್ನೆ ಜಗಳ ಆಗುತ್ತೆ.

ಸಿಲಿಕಾ ಜೆಲ್ ಬಣ್ಣ ಬದಲಾದ ಮೇಲೆ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ನೀಲಿ ಬಣ್ಣದ್ದಾದರೆ ಅಡುಗೆ ಪಾತ್ರೆಯಲ್ಲಿ ಮಾತ್ರ ಬೇಡ, ಅದರಲ್ಲಿ ಕೋಬಾಲ್ಟ್ ಇರುತ್ತೆ. ಹಪ್ಪಳದ ಡಬ್ಬಿಯನ್ನೂ ಇನ್ನು ವಾಪಸ್ ಕೊಡಬೇಡಿ.

ಒಂದನ್ನೇ ಹಿಡೀಬೇಕಾ ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ನಾನೇ ಐದು ಲೆನ್ಸು ಇಟ್ಟುಕೊಂಡು ಭಾನುವಾರ ಮಲಗಿರ್ತೀನಿ.

ಹಳೇ ಸ್ಟುಡಿಯೋ, ಅರಸೀಕೆರೆ

ಸ್ವಾಮಿ, ನಿಮ್ಮ ಪತ್ರ ಓದಿ ನಗು ಬಂತು, ಖುಷಿನೂ ಆಯ್ತು. ನನಗೆ ಈಗ 68. ಮೂವತ್ತೊಂದು ವರ್ಷ ಸ್ಟುಡಿಯೋ ನಡೆಸಿ ಮುಚ್ಚಿದವನು ನಾನು. ನನ್ನ ಮೊದಲ ಕ್ಯಾಮೆರಾ ಆಗ್ಫಾ ಕ್ಲಿಕ್ 3. ಒಂದು ರೋಲಿಗೆ ಹನ್ನೆರಡೇ ಫೋಟೋ. ನೀವು ಹದಿನಾಲ್ಕು ಸಾವಿರ ಅಂದ್ರಿ. ಲೆಕ್ಕ ಹಾಕಿದೆ, ನನ್ನ ಆಗಿನ ಲೆಕ್ಕದಲ್ಲಿ ಅದು ಸಾವಿರಕ್ಕೂ ಜಾಸ್ತಿ ರೋಲು. ನಮ್ಮ ಮೇಷ್ಟ್ರು ಕೇಳಿದ್ದರೆ ಅಲ್ಲೇ ಬಿದ್ದುಹೋಗೋರು. ಒಂದು ರೋಲು ಹಾಳಾದರೆ ಅವರು ಮೂರು ದಿನ ಮಾತಾಡ್ತಾ ಇರಲಿಲ್ಲ.

ಶೈಲಿ ಅಂದ್ರಿ. ನಾವು ಆ ಪದ ಕೇಳಿದವರೇ ಅಲ್ಲ. ಬೆಳಿಗ್ಗೆ ಎಸ್ಸೆಸ್ಸೆಲ್ಸಿ ಹುಡುಗರ ಪಾಸ್‌ಪೋರ್ಟ್ ಫೋಟೋ. ಹನ್ನೊಂದಕ್ಕೆ ಒಂದು ಮದುವೆ. ಮಧ್ಯಾಹ್ನ ಬ್ಯಾಂಕಿನವರು ಕಳಿಸಿದ ರೈತನ ಎಮ್ಮೆ. ಎಮ್ಮೆ ಇನ್ಶೂರೆನ್ಸಿಗೆ ಫೋಟೋ ಬೇಕು, ಕಿವಿಗೆ ಹೊಡೆದ ಬಿಲ್ಲೆ ಕಾಣಬೇಕು, ಮಾಲೀಕನ ಮುಖವೂ ಕಾಣಬೇಕು. ಎಮ್ಮೆ ತಲೆ ಆಡಿಸುತ್ತೆ, ಮಾಲೀಕ ನೆಟ್ಟಗೆ ನಿಲ್ಲಲ್ಲ. ನೀವು ಮಾಡೋ ಹಕ್ಕಿ ಫೋಟೋಗಿಂತ ಅದು ಕಷ್ಟ, ಬೇಕಾದರೆ ಪ್ರಯತ್ನ ಮಾಡಿ ನೋಡಿ. ಕೆಲವು ಸಲ ರಾತ್ರಿ ಹೊತ್ತು ಕರೆ ಬರೋದು, ಯಾರೋ ತೀರಿಕೊಂಡಿರೋರು. ಬದುಕಿದ್ದಾಗ ಒಂದೂ ಫೋಟೋ ತೆಗೆಸಿರಲ್ಲ. ಗೋಡೆಗೆ ಒರಗಿಸಿ ಕೂರಿಸಿರೋರು. ಅದನ್ನೂ ತೆಗೆದಿದ್ದೇನೆ. ಆಮೇಲೆ ನೆಗೆಟಿವ್ ಮೇಲೆ ಪೆನ್ಸಿಲ್ಲಿಂದ ಕಣ್ಣು ತಿದ್ದಿ ಕೊಟ್ಟಿದ್ದೇನೆ. ಅದು ಯಾವ ಶೈಲಿ ಅಂತ ನಿಮ್ಮ ಗುಂಪಿನ ಹಿರಿಯರನ್ನು ಕೇಳಿ.

ಬಾವಿ ತೋಡೋ ಮಾತು ಬೇರೆ, ಇದು ಬೇರೆ. ಬಾವಿಗೆ ನೀರೊಂದೇ ಗುರಿ. ನಿಮಗೆ ಯಾವ ಗುರಿ ಇದೆ? ನೀವು ಫೋಟೋ ಮಾರಬೇಕಾ, ಸ್ಪರ್ಧೆಗೆ ಕಳಿಸಬೇಕಾ? ಹಾಗಾದರೆ ಒಂದು ಹಿಡೀರಿ, ಗಿರಾಕಿಗೆ ಹೆಸರು ಬೇಕು. ಇಲ್ಲ ಅಂದ್ರೆ ಬಿಡಿ. ಮೂಡಿಗೆರೆಯಲ್ಲಿ ತೇಜಸ್ವಿಯವರು ತೋಟ ಮಾಡಿದರು, ಮೀನು ಹಿಡಿದರು, ಚಿತ್ರ ಬರೆದರು, ಕಥೆ ಬರೆದರು, ಹಕ್ಕಿ ಫೋಟೋ ತೆಗೆದರು. ಯಾರಾದರೂ ಹೋಗಿ ಒಂದು ಹಿಡೀರಿ ಅಂದಿದ್ದರೆ ಬೈಸಿಕೊಂಡು ಬರ್ತಿದ್ದರು.

ಒಂದು ಕೆಲಸ ಮಾಡಿ. ಕಂಪ್ಯೂಟರಿನಲ್ಲಿ ಬೇಡ. ಆ ಹದಿನಾಲ್ಕು ಸಾವಿರದಲ್ಲಿ ನೀವೇ ಮತ್ತೆ ಮತ್ತೆ ತೆಗೆದು ನೋಡೋ ಇಪ್ಪತ್ತು ಆರಿಸಿ. ಚೆನ್ನಾಗಿರೋದು ಅಲ್ಲ, ಲೈಕ್ ಬಂದಿದ್ದೂ ಅಲ್ಲ. ನೋಡಬೇಕು ಅನ್ಸೋದು. ಮಸುಕಾಗಿದ್ದರೂ ಸರಿ. ಪೇಟೆಯಲ್ಲಿ ಪ್ರಿಂಟ್ ಹಾಕಿಸಿ, ಪೋಸ್ಟ್‌ಕಾರ್ಡ್ ಸೈಜು ಸಾಕು. ಹಕ್ಕಿ ಒಂದು ಕಡೆ, ದೇವಸ್ಥಾನ ಒಂದು ಕಡೆ ಅಂತ ವಿಂಗಡಿಸಬೇಡಿ. ಚಾಪೆ ಮೇಲೆ ಕಲಸಿ ಹರಡಿ, ಒಂದು ಲೋಟ ಕಾಫಿ ಕುಡಿಯೋವರೆಗೂ ನೋಡಿ. ನಾನು ಅಂಗಡಿ ಮುಚ್ಚಿದ ಮೇಲೆ ಇದನ್ನು ಮಾಡಿದೆ. ಮೂವತ್ತೊಂದು ವರ್ಷದಲ್ಲಿ ನಾನಾಗೇ ಇಟ್ಟುಕೊಂಡ ಫೋಟೋಗಳಲ್ಲಿ ಮದುಮಕ್ಕಳು ಇರೋದು ಎರಡೇ. ಉಳಿದವೆಲ್ಲ ಮದುವೆ ಮನೆಯ ಹಿತ್ತಲು. ಅಡುಗೆಯವರು, ಎಲೆ ತೊಳೆಯೋರು, ಪೆಟ್ಟಿಗೆ ಮೇಲೆ ಕೂತು ನಿದ್ದೆ ಮಾಡೋ ವಾಲಗದವರು. ಗಿರಾಕಿ ಅದಕ್ಕೆ ಒಂದು ಪೈಸೆ ಕೊಟ್ಟಿಲ್ಲ. ರೋಲಿನ ಕೊನೇ ಒಂದೆರಡು ಫ್ರೇಮು ಉಳೀತಲ್ಲ, ಅದರಲ್ಲಿ ತೆಗೆದದ್ದು.

ಅಮ್ಮನವರ ವಿಷಯ. ಕ್ಯಾಮೆರಾ ನೋಡಿದರೆ ಎಲ್ಲರೂ ಮುಖ ಬಿಗಿ ಮಾಡ್ತಾರೆ. ಅವರನ್ನು ಬಾಗಿಲಿನಿಂದ ಎರಡಡಿ ಒಳಗೆ, ಬಾಗಿಲಿಗೆ ಪಕ್ಕ ಮಾಡಿ ಕೂರಿಸಿ. ಬಿಸಿಲು ನೇರ ಬೀಳಬಾರದು, ಬೆಳಕು ಮಾತ್ರ ಬರಬೇಕು. ಲೈಟ್ ಹಾಕಿದ್ದರೆ ಆರಿಸಿ. ಕೈಗೆ ಹೂಬತ್ತಿ ಮಾಡೋಕೆ ಹತ್ತಿ ಕೊಡಿ. 55ಕ್ಕೆ ಎಳೆದುಕೊಳ್ಳಿ, ಎಫ್ 5.6, ಶಟರ್ 125ರಲ್ಲಿ ಒಂದು ಸೆಕೆಂಡು, ಐಎಸ್ಒ ಎಷ್ಟು ಬೇಕೋ ಅಷ್ಟು. ಮೊದಲ ಹತ್ತು ನಿಮಿಷ ಕ್ಯಾಮೆರಾ ಮಡಿಲಲ್ಲೇ ಇರಲಿ. ಮಾತಾಡಿಸಿ. ಹತ್ತು ಬತ್ತಿ ಆದ ಮೇಲೆ ನೀವು ಇದ್ದೀರಿ ಅನ್ನೋದೇ ಅವರಿಗೆ ಮರೆತಿರುತ್ತೆ.

ಲೆನ್ಸು ಈಗಲೇ ಬೇಡ.

ಮೊಳ ಮಲ್ಲಿಗೆ, ಮೈಸೂರು

ಸ್ಟುಡಿಯೋ ಅಂಕಲ್ ಮಾತು ಚಂದ. ಆದರೆ ಪೂರ್ತಿ ಒಪ್ಪಲ್ಲ. ಕ್ಷಮಿಸಿ ಅಂಕಲ್.

ನಾನು ಕ್ಯಾಮೆರಾನೇ ಇಲ್ಲದವಳು, ಎಲ್ಲಾ ಮೊಬೈಲಲ್ಲೇ. ಭಾನುವಾರ ಬೆಳಿಗ್ಗೆ ಆರೂವರೆಗೆ ದೇವರಾಜ ಮಾರ್ಕೆಟ್ಟಿಗೆ ಹೋಗ್ತೀನಿ. ಮೊದಲ ವರ್ಷ ನಾನೂ ಅಣ್ಣನ ಥರಾನೇ. ಕುಂಕುಮದ ಗುಡ್ಡೆ, ಬಾಳೆಗೊನೆ, ಅರಮನೆ ದೀಪ, ಚಾಮುಂಡಿ ಬೆಟ್ಟದ ಮಂಜು, ಬೆಕ್ಕು. ಎಲ್ಲಾ ಚೆನ್ನಾಗೇ ಇರ್ತಿತ್ತು, ಒಂದೂ ನೆನಪಲ್ಲಿ ಉಳೀತಿರಲಿಲ್ಲ. ಆಗ ಒಂದು ತಿಂಗಳಿಗೆ ಅಂತ ಒಂದು ಕಟ್ಟು ಹಾಕಿಕೊಂಡೆ: ಬರೀ ಕಪ್ಪು ಬಿಳುಪು. ಮೊದಲ ವಾರ ಅಳು ಬಂತು. ಕುಂಕುಮದ ಗುಡ್ಡೆ ಫೋಟೋದಲ್ಲಿ ಸಿಮೆಂಟ್ ಗುಡ್ಡೆ ಥರ ಬಂತು. ನಾನು ಇಷ್ಟು ದಿನ ತೆಗೆದಿದ್ದು ಕುಂಕುಮದ ಫೋಟೋ ಅಲ್ಲ, ಕೆಂಪು ಬಣ್ಣದ್ದು ಅಂತ ಆಗ ಗೊತ್ತಾಯ್ತು. ಬಣ್ಣ ತೆಗೆದರೆ ಅಲ್ಲಿ ಏನೂ ಇರಲಿಲ್ಲ. ಎರಡನೇ ವಾರ ಕಣ್ಣು ತಾನಾಗೇ ಬೇರೆ ಕಡೆ ಹೋಯ್ತು. ತಗಡಿನ ಸಂದಿಯಿಂದ ಬೀಳೋ ಬಿಸಿಲು ಕೋಲು, ಹೂ ಕಟ್ಟೋರ ಬೆರಳು, ಗೋಣಿಚೀಲದ ನೂಲು.

ಅದಕ್ಕೇ ಹೇಳ್ತೀನಿ, ಒಂದನ್ನು ಹಿಡಿಯೋದು ತಪ್ಪಲ್ಲ, ಆದರೆ ಒಂದು ತಿಂಗಳು. ಜೀವನಪೂರ್ತಿ ಅಲ್ಲ. ನಿಮ್ಮ ಕ್ಯಾಮೆರಾದಲ್ಲಿ ರಾ (ಸೆನ್ಸರ್ ಕಂಡದ್ದೆಲ್ಲ ಹಾಗೇ ಇರೋ ಫೈಲು) ಮತ್ತು ಜೆಪೆಗ್ (ಮಾಮೂಲಿ ಫೋಟೋ ಫೈಲು) ಎರಡೂ ಉಳಿಸೋ ಹಾಗೆ ಇಟ್ಟು, ಪಿಕ್ಚರ್ ಸ್ಟೈಲ್ ಮೋನೋಕ್ರೋಮ್ ಮಾಡಿ. ಸ್ಕ್ರೀನಲ್ಲಿ ಕಪ್ಪು ಬಿಳುಪು ಕಾಣುತ್ತೆ, ರಾ ಫೈಲಲ್ಲಿ ಬಣ್ಣ ಹಾಗೇ ಇರುತ್ತೆ. ಕಳಕೊಳ್ಳೋದೇನೂ ಇಲ್ಲ. ಅಥವಾ ಜೂಮನ್ನು 35ಕ್ಕೆ ಇಟ್ಟು ಅಂಟು ಟೇಪು ಸುತ್ತಿಬಿಡಿ. ದೊಡ್ಡದಾಗಿ ಬೇಕಾದರೆ ನಡೆದು ಹೋಗಿ.

ಸಂತೆಯಲ್ಲಿ ಧೈರ್ಯ ಸಾಲಲ್ಲ ಅಂದ್ರಲ್ಲ. ನನಗೂ ಹೆಣ್ಣುಮಗಳು ಅಂತ ಇನ್ನೂ ಜಾಸ್ತಿ ಹಿಂಜರಿಕೆ ಇತ್ತು. ಕದ್ದು ತೆಗೆಯೋದು ಬಿಟ್ಟೆ. ಕೇಳಿಯೇ ತೆಗೀತೀನಿ. ಕೇಳಿದ ಮೇಲೆ ಮೊದಲ ಫೋಟೋ ಹೇಗೂ ಪೋಸು, ಅದು ಅವರಿಗೆ. ಆಮೇಲೆ ಅವರು ವ್ಯಾಪಾರಕ್ಕೆ ತಿರುಗ್ತಾರಲ್ಲ, ಅದು ನನಗೆ. ಮುಖ್ಯವಾಗಿ ಪ್ರಿಂಟ್ ಹಾಕಿಸಿ ವಾಪಸ್ ಕೊಡ್ತೀನಿ. ಕನಕಾಂಬರ ಮಾರೋ ಅಜ್ಜಿಯೊಬ್ಬರ ಬೆರಳು, ದಾರ, ಹೂವು ಅಷ್ಟೇ ಕಾಣೋ ಫೋಟೋ ಒಂದಿತ್ತು. ನಾನು ತೆಗೆದ ಫೋಟೋಗಳಲ್ಲೇ ನನಗೆ ಇಷ್ಟವಾದದ್ದು. ಹೆಮ್ಮೆಯಿಂದ ಪ್ರಿಂಟ್ ಹಿಡಿದುಕೊಂಡು ಹೋದೆ. ಅಜ್ಜಿ ಕನ್ನಡಕ ಹಾಕಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, "ನಾನೆಲ್ಲವ್ವ ಇದ್ರಲ್ಲಿ?" ಅಂದರು. "ಇದು ನಿಮ್ಮ ಕೈ ಅಜ್ಜಿ" ಅಂದೆ. "ಕೈ ನಂಗೆ ದಿನಾ ಕಾಣ್ತದೆ, ಮೊಕ ಇರೋದು ತಕ್ಕಂಬಾ."

ಮುಂದಿನ ವಾರ ಮುಖ ಇರೋದು ಕೊಟ್ಟೆ. ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ತಕ್ಕಡಿ ಮೇಲೆ ನೇತುಹಾಕಿದ್ದಾರೆ. ಈಗ ಆ ಸಾಲಿನಲ್ಲಿ ಯಾರೂ ನನ್ನನ್ನು ಬೇಡ ಅನ್ನಲ್ಲ. ಪಕ್ಕದ ಅಂಗಡಿಯವರದ್ದೂ ಬಾಕಿ ಇದೆ ಅಂತ ಜಗಳ ಮಾಡ್ತಾರೆ.

ಮೈಸೂರಿನವರು ಅನ್ನೋ ಜಂಬಕ್ಕೆ ಒಂದು ಮಾತು. ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ನಮ್ಮೂರಿನವರೇ, 1977ರಲ್ಲಿ ಪದ್ಮಶ್ರೀ ಬಂತು. ಅವರು ತೆಗೆದ ಮಕ್ಕಳ ಫೋಟೋ ಎಲ್ಲಾದರೂ ಸಿಕ್ಕರೆ ನೋಡಿ. ಆ ಮಕ್ಕಳು ಯಾರೂ ಕ್ಯಾಮೆರಾಕ್ಕೆ ಅಂತ ನಿಂತ ಹಾಗೆ ಕಾಣಲ್ಲ. ನಾನು ಒಂದೊಂದು ಫೋಟೋ ಇಟ್ಟುಕೊಂಡು ಇವರು ಆಗ ಎಲ್ಲಿ ನಿಂತಿದ್ದರು, ಎಷ್ಟು ಬಗ್ಗಿದ್ದರು ಅಂತ ಲೆಕ್ಕ ಹಾಕ್ತೀನಿ. ಬಹಳ ಸಲ ಮಗುವಿನ ಕಣ್ಣಿನ ಎತ್ತರಕ್ಕೇ ಇಳಿದಿರ್ತಾರೆ ಅಂತ ನನಗನ್ಸುತ್ತೆ.

ಅಡಿಕೆ ಅಂಗಳ, ಸಾಗರ

ಮೂರು ವಾರ ಆಯ್ತು, ಉತ್ತರ ಬರೆಯೋಕೆ ಆಗಲಿಲ್ಲ. ಅಡಿಕೆ ಕೊನೆ (ಗೊಂಚಲು) ಕೊಯ್ಲು ಶುರುವಾಗಿದೆ. ಎಲ್ಲರಿಗೂ ಧನ್ಯವಾದ.

ಸರ್, ನೀವು ಹೇಳಿದ ಇಪ್ಪತ್ತು ಫೋಟೋ ಆಟ ಮಾಡಿದೆ. ಆರಿಸೋಕೇ ನಾಲ್ಕು ರಾತ್ರಿ ಹಿಡೀತು. ಪ್ರಿಂಟ್ ಹಾಕಿಸಿ ಜಗಲಿಯಲ್ಲಿ ಚಾಪೆ ಮೇಲೆ ಹರಡಿದೆ. ಮೊದಲು ಏನೂ ಕಾಣಲಿಲ್ಲ. ಹಕ್ಕಿ, ಇರುವೆ, ದೇವಸ್ಥಾನ, ಮಗಳು, ಬಸ್ ಸ್ಟ್ಯಾಂಡು, ಕಲಸುಮೇಲೋಗರ. ಮಗಳು ಬಂದು ನಿಂತು ನೋಡಿದಳು. "ಅಪ್ಪಾ, ನಿಂಗೆ ಏನೂ ದೊಡ್ಡದಾಗಿ ತೆಗೆಯೋಕೆ ಬರಲ್ವಾ?" ಅಂದಳು.

ನೋಡ್ತೀನಿ, ಹೌದು! ಇಪ್ಪತ್ತರಲ್ಲಿ ಹದಿನಾಲ್ಕು ಹಾಗೇ ಇವೆ. ಇಕ್ಕೇರಿಯಲ್ಲಿ ಆ ದೊಡ್ಡ ನಂದಿ ಮಂಟಪ, ಅದರ ಮೂಲೆಯಲ್ಲಿ ಬೆರಳಿನಷ್ಟು ಕಾಣೋ ಕಸ ಗುಡಿಸೋ ಹೆಂಗಸು. ಜೋಗದಲ್ಲಿ ಜಲಪಾತದ ಫೋಟೋ ಒಂದೂ ಆರಿಸಿಲ್ಲ. ಆರಿಸಿದ್ದು ಮಂಜಿನ ಮುಂದೆ ಕಂಬಿ ಹಿಡಿದು ನಿಂತ ಒಬ್ಬ ಮುದುಕ, ಅವರ ಕೊಡೆ ಉಲ್ಟಾ ಆಗಿದೆ. ಗುಡವಿಯ ಆ ಅಕ್ಕಿಕಾಳಿನ ಹಕ್ಕಿ ಕೂಡ ಇಪ್ಪತ್ತರಲ್ಲಿ ಬಂದಿದೆ! ಕೆರೆ ಪೂರ್ತಿ ಬೂದು, ಒಂದು ಒಣ ಕೊಂಬೆ, ತುದಿಯಲ್ಲಿ ಒಂದು ಬಿಳಿ ಚುಕ್ಕಿ. ಅವತ್ತು ನಕ್ಕವರ ಲೆನ್ಸಿನಲ್ಲಿ ಈ ಫೋಟೋ ಬರ್ತಾ ಇರಲಿಲ್ಲ ಅಂತ ಈಗ ಸ್ವಲ್ಪ ಸಮಾಧಾನ. ಎಫ್ ಎಂಟು ಅವರೇ, 150-600 ನನಗೆ ಬೇಡ. ಹತ್ತಿರ ಎಳೆದುಕೊಳ್ಳೋದು ನನ್ನ ಜಾಯಮಾನ ಅಲ್ಲ ಅಂತ ಕಾಣುತ್ತೆ. ನಕ್ಷತ್ರದ ವಿಷಯ ಫೆಬ್ರವರಿಗೆ ಬರೆದಿಟ್ಟುಕೊಂಡಿದ್ದೇನೆ.

ಮೈಸೂರಿನ ತಂಗಿ ಹೇಳಿದ ಹಾಗೆ 18ಕ್ಕೆ ಜೂಮ್ ಇಟ್ಟು ಟೇಪು ಸುತ್ತಿದ್ದೇನೆ. 35 ಅಲ್ಲ, ಇರಲಿ ಬಿಡಿ. ಒಂದು ತಿಂಗಳು ಮನೆ, ಅಂಗಳ, ತೋಟ ದಾಟಬಾರದು ಅಂತ ಇನ್ನೊಂದು ಕಟ್ಟು ನಾನೇ ಸೇರಿಸಿಕೊಂಡೆ. ಕೊಯ್ಲು ಬಿಟ್ಟು ಹೋಗೋಕೂ ಆಗಲ್ಲ. ಕೊನೆಗೌಡ, ಅಂದ್ರೆ ಅಡಿಕೆ ಕೊನೆ ಕೊಯ್ಯೋನು, ಮರ ಹತ್ತೋದನ್ನು ಮೊದಲೆಲ್ಲ 250ರಲ್ಲಿ ಎಳೆದು ಮುಖ ತೆಗೀತಿದ್ದೆ. ಈಗ ಮಲಗಿಕೊಂಡು 18ರಲ್ಲಿ ತೆಗೆದೆ. ಸುತ್ತ ಐವತ್ತು ಮರ ಮೇಲಕ್ಕೆ ಒಂದೇ ಕಡೆ ಬಾಗಿ ಸೇರ್ತವೆ, ನಡುವೆ ಇವನು ಒಂದರಿಂದ ಇನ್ನೊಂದು ಮರಕ್ಕೆ ಕೈ ಚಾಚಿದ್ದಾನೆ. ಕ್ಯಾಮೆರಾ ಎತ್ತಿದರೆ ಕಂಬ ವಾಲುತ್ತೆ ಅಂದ್ರಲ್ಲ, ಇಲ್ಲಿ ಮರ ವಾಲಿದ್ದೇ ಚೆನ್ನಾಗಿದೆ. ಹಗ್ಗದ ಮೇಲೆ ಜಾರಿಕೊಂಡು ಬಂದ ಕೊನೆಯಿಂದ ನಾಲ್ಕು ಅಡಿಕೆ ಹಾರಿ ಎದೆ ಮೇಲೆ ಬಿದ್ದವು, ಲೆನ್ಸಿನ ಮೇಲೆ ಬೀಳಲಿಲ್ಲ, ದೇವರು ದೊಡ್ಡವನು.

ಅಮ್ಮನ ಹೂಬತ್ತಿ ಫೋಟೋ ಬಂತು. ಹತ್ತು ಬತ್ತಿ ಸಾಲಲಿಲ್ಲ, ನಲವತ್ತಾದವು. ನಲವತ್ತನೆಯದಕ್ಕೆ ಅವಳು ತಲೆ ಎತ್ತಿ ಬಾಗಿಲಾಚೆ ನೋಡಿದಳು. ದನ ತೋಟಕ್ಕೆ ನುಗ್ಗಿತ್ತು. ಆಧಾರ್ ಕಾರ್ಡಿನ ಮುಖ ಅಲ್ಲ, ದನ ಓಡಿಸೋ ಮುಖ. ಮನೆಯಲ್ಲಿ ಎಲ್ಲರಿಗೂ ಇಷ್ಟ ಆಗಿದೆ, ಅವಳೊಬ್ಬಳಿಗೆ ಬಿಟ್ಟು. ಅವಳಿಗೂ ಮೊಕ ಇರೋ ಇನ್ನೊಂದು ಬೇಕಂತೆ.

ಈಗ ಒಂದು ಹೊಸ ತಲೆನೋವು. ರಾತ್ರಿ ಅಡಿಕೆ ಸುಲಿಯೋರು ಏಳೆಂಟು ಜನ ಅಂಗಳದಲ್ಲಿ ಕೂರ್ತಾರೆ. ಮೇಲೆ ಒಂದೇ ಎಲ್ಇಡಿ ಬಲ್ಬು. ಸುತ್ತ ಪೂರ್ತಿ ಕತ್ತಲೆ, ನಡುವೆ ಆ ಬೆಳಕಿನ ಗುಂಡಿಯಲ್ಲಿ ಅವರು, ಸಿಪ್ಪೆ ಗುಡ್ಡೆ, ಕಥೆ ಹೇಳೋರ ಕೈ. ನನಗೆ ಬೇಕಾದ ಫೋಟೋ ಇದೇ ಅಂತ ಕೂತುಬಿಟ್ಟಿದ್ದೇನೆ. ಕೈ ಮಸುಕಾಗಬಾರದು ಅಂತ ಶಟರ್ 320ರಲ್ಲಿ ಒಂದು ಸೆಕೆಂಡಿಗೆ ಇಟ್ಟೆ. ಎಲ್ಲಾ ಫೋಟೋದಲ್ಲೂ ಅಡ್ಡಡ್ಡ ಕಪ್ಪು ಪಟ್ಟೆ ಬರ್ತಾ ಇದೆ, ಸೀರೆ ಅಂಚಿನ ಹಾಗೆ. ಒಂದು ಫೋಟೋದಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ. ಕ್ಯಾಮೆರಾ ಕೆಟ್ಟಿತಾ? ಬೂಷ್ಟಿನ ಉಳಿಕೆಯಾ?

ಎಫ್ ಎಂಟು, ಬೆಂಗಳೂರು

ಕ್ಯಾಮೆರಾ ಕೆಟ್ಟಿಲ್ಲ, ಬಲ್ಬಿನ ಆಟ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತೆ, ಕಣ್ಣಿಗೆ ಗೊತ್ತಾಗಲ್ಲ. 320ರಲ್ಲಿ ಶಟರ್ ಸೆನ್ಸರಿನ ಮುಂದೆ ಸಂದಿ ಮಾಡಿಕೊಂಡು ಸರಿಯುತ್ತೆ, ಆ ಹೊತ್ತಲ್ಲಿ ಬಲ್ಬು ಮಂಕಾದ ಜಾಗ ಪಟ್ಟೆ ಆಗಿ ಬರುತ್ತೆ. ಶಟರ್ 100ರಲ್ಲಿ ಒಂದು ಅಥವಾ 50ರಲ್ಲಿ ಒಂದು ಇಡಿ. ಮಿಣುಕು ಪೂರ್ತಿ ಸುತ್ತು ಒಳಗೆ ಬರುತ್ತೆ, ಪಟ್ಟೆ ಹೋಗುತ್ತೆ.

ಹಳೇ ಸ್ಟುಡಿಯೋ, ಅರಸೀಕೆರೆ

50 ಇಡಿ ಸ್ವಾಮಿ. ಕೈ ಮಸುಕಾಗುತ್ತೆ ಅಂತ ಹೆದರಬೇಡಿ, ಸುಲಿಯೋ ಕೈ ತಾನೇ, ಮಸುಕಾಗಲಿ. ಕ್ಯಾಮೆರಾವನ್ನು ಮಾತ್ರ ಡಬ್ಬದ ಮೇಲೆ ಗಟ್ಟಿಯಾಗಿ ಇಡಿ. ಎಲ್ಲರೂ ಸುಲೀತಾ ಇರುವಾಗ ಯಾರಾದರೂ ಒಬ್ಬರು ಕಥೆ ಕೇಳ್ತಾ ಕೈ ನಿಲ್ಲಿಸ್ತಾರಲ್ಲ, ಆಗ ಒತ್ತಿ.